ಟ್ರ್ಯಾಕ್ಟರಿನ ಥರ್ಮೋಸ್ಟಾಟ್ ಕಿತ್ತು ಹಾಕಬೇಡಿ

ಒಕ್ಕಣೆಯ ಕಾಲದಲ್ಲಿ ಟ್ರ್ಯಾಕ್ಟರ್ ಕಾದರೆ ಥರ್ಮೋಸ್ಟಾಟನ್ನೇ ಕಿತ್ತು ಹಾಕುವವರುಂಟು. ಇದು ಸರಿಯಲ್ಲ. ಅದರೊಳಗಿನ ಮೇಣ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಹಿಗ್ಗಿದಾಗ ಬಾಯಿ ತೆರೆಯುತ್ತದೆ. ಅಲ್ಲಿಯವರೆಗೆ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ. ಅದಿಲ್ಲದಿದ್ದರೆ ಎಂಜಿನ್ ಹದಕ್ಕೆ ಬರುವುದು ಬಹಳ ನಿಧಾನ. ತಣ್ಣಗಿನ ಎಂಜಿನ್ನಿನಲ್ಲಿ ಪೂರ್ತಿ ಉರಿಯದ ಡೀಸೆಲ್, ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದು ಎಂಜಿನ್ ಆಯಿಲನ್ನೂ ತೆಳುವಾಗಿಸುತ್ತದೆ. ಲೈನರು, ರಿಂಗುಗಳು ಬೇಗ ಸವೆಯುತ್ತವೆ. ಆ ಖರ್ಚಿನ ಮುಂದೆ ಥರ್ಮೋಸ್ಟಾಟಿನ ಬೆಲೆ ಏನೇನೂ ಅಲ್ಲ.

ಮೊದಲು ರೇಡಿಯೇಟರಿಗೆ ಕಟ್ಟಿಕೊಂಡ ಹೊಟ್ಟು ತೆಗೆಯಿರಿ; ಫ್ಯಾನ್ ಬೆಲ್ಟ್ ಸಡಿಲವಾಗಿದೆಯೇ ನೋಡಿ. ಆಮೇಲೂ ಸಂಶಯವಿದ್ದರೆ, ಎಂಜಿನ್ ತಣಿದ ಮೇಲೆ ಥರ್ಮೋಸ್ಟಾಟ್ ಬಿಚ್ಚಿ, ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ. ನೀರು ಕುದಿದರೂ ಬಾಯಿ ಬಿಡದಿದ್ದರೆ ಹೊಸದನ್ನು ಹಾಕಿಸಿ.