ಮೂತ್ರಪಿಂಡ ರೋಗವೂ ರಾತ್ರಿಯ ರಕ್ತದೊತ್ತಡವೂ



ದೀರ್ಘಕಾಲದ ಮೂತ್ರಪಿಂಡ ರೋಗವುಳ್ಳ ಗೃಹಸ್ಥರೊಬ್ಬರು ಬೆಳಿಗ್ಗೆ ಹತ್ತು ಗಂಟೆಗೆ ಚಿಕಿತ್ಸಾಲಯಕ್ಕೆ ಹೋಗಿ ರಕ್ತದೊತ್ತಡ ಪರೀಕ್ಷಿಸಿಕೊಂಡರೆಂದು ಭಾವಿಸಿರಿ. ಅಂಕಿಗಳು ಸಮಾಧಾನಕರವಾಗಿವೆ, ಅವರು ನಿಶ್ಚಿಂತೆಯಿಂದ ಮನೆಗೆ ಮರಳುತ್ತಾರೆ. ಆದರೆ ಅದೇ ರಾತ್ರಿ ಎರಡು ಗಂಟೆಗೆ, ಅವರು ನಿದ್ರೆಯಲ್ಲಿರುವಾಗ, ಅದೇ ರಕ್ತದೊತ್ತಡ ಹಗಲಿಗಿಂತ ಹೆಚ್ಚಾಗಿರುವ ಸಾಧ್ಯತೆಯಿದೆ. ಅದನ್ನು ಅಳೆದವರು ಯಾರೂ ಇಲ್ಲ.

ಆರೋಗ್ಯವಂತರಲ್ಲಿ ನಿದ್ರೆಯ ವೇಳೆ ರಕ್ತದೊತ್ತಡವು ಹಗಲಿಗಿಂತ ಶೇಕಡಾ 10ರಿಂದ 20ರಷ್ಟು ಇಳಿಯುತ್ತದೆ. ಹೃದಯಕ್ಕೂ ರಕ್ತನಾಳಗಳಿಗೂ ದೊರೆಯುವ ನಿತ್ಯದ ವಿಶ್ರಾಂತಿ ಇದೇ. ಮೂತ್ರಪಿಂಡ ರೋಗಿಗಳಲ್ಲಿ ಅನೇಕರಿಗೆ ಈ ಇಳಿತ ಉಂಟಾಗುವುದಿಲ್ಲ. ಕೆಲವರಲ್ಲಿ ಒತ್ತಡವು ರಾತ್ರಿಯೇ ಏರುತ್ತದೆ. ಇಂಥವರಲ್ಲಿ ಹೃದ್ರೋಗ ಮತ್ತು ಪಾರ್ಶ್ವವಾಯುವಿನ ಅಪಾಯ ಅಧಿಕ; ಮೂತ್ರಪಿಂಡಗಳೂ ಬೇಗ ಕ್ಷೀಣಿಸುತ್ತವೆ.

ಇದಕ್ಕೆ ಕಾರಣವೇನು? ಮನುಷ್ಯನ ಇಚ್ಛೆಗೆ ಒಳಪಡದೆ ಹೃದಯದ ಬಡಿತವನ್ನೂ ರಕ್ತನಾಳಗಳ ಬಿಗಿತವನ್ನೂ ನಿಯಂತ್ರಿಸುವ ನರಸಮೂಹಕ್ಕೆ ಸ್ವಾಯತ್ತ ನರವ್ಯೂಹವೆಂದು ಹೆಸರು. ಅದರ ಅನುವೇದನಾ ವಿಭಾಗವು ಶರೀರವನ್ನು ಎಚ್ಚರಿಸಿ ದುಡಿಸುತ್ತದೆ. ಪರಾನುವೇದನಾ ವಿಭಾಗವು ವಿಶ್ರಾಂತಿಯತ್ತ ಒಯ್ಯುತ್ತದೆ. ಇವೆರಡೂ ತಕ್ಕಡಿಯ ಎರಡು ತಟ್ಟೆಗಳಿದ್ದಂತೆ. ರೋಗಗ್ರಸ್ತ ಮೂತ್ರಪಿಂಡಗಳಿಂದ ಹೊರಡುವ ನರಸಂಕೇತಗಳು ಮಿದುಳನ್ನು ಸದಾ ಕೆರಳಿಸುವುದರಿಂದ ಎಚ್ಚರದ ತಟ್ಟೆಯೇ ಭಾರವಾಗುತ್ತದೆ. ಅಮೆರಿಕದ ಡಲ್ಲಾಸ್ ನಗರದ ಸಂಶೋಧಕರು ಡಯಾಲಿಸಿಸ್ ಪಡೆಯುತ್ತಿದ್ದ ರೋಗಿಗಳ ಕಾಲಿನ ನರದಲ್ಲಿ ಈ ಸಂಕೇತಗಳನ್ನು ಅಳೆದು 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಅನುವೇದನಾ ಚಟುವಟಿಕೆ ಆರೋಗ್ಯವಂತರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿತ್ತು. ಎರಡೂ ಮೂತ್ರಪಿಂಡಗಳನ್ನು ತೆಗೆಯಲಾಗಿದ್ದ ರೋಗಿಗಳಲ್ಲಿ ಮಾತ್ರ ಅದು ಸಹಜ ಮಟ್ಟದಲ್ಲಿತ್ತು. ಇದರ ಜೊತೆಗೆ, ಹಗಲಿನಲ್ಲಿ ಪೂರ್ಣವಾಗಿ ಹೊರಹೋಗದ ಉಪ್ಪು ಮತ್ತು ನೀರು ಶರೀರದಲ್ಲಿ ಉಳಿದು ರಾತ್ರಿಯ ಒತ್ತಡವನ್ನು ಹೆಚ್ಚಿಸುತ್ತವೆ.

ಆದುದರಿಂದ ಮೂತ್ರಪಿಂಡ ರೋಗವುಳ್ಳವರು ಚಿಕಿತ್ಸಾಲಯದ ಒಂದೇ ಅಳತೆಯನ್ನು ನಂಬಿ ಕೂಡಬಾರದು. ತೋಳಿಗೆ ಕಟ್ಟುವ ಸಣ್ಣ ಯಂತ್ರವೊಂದು ಪ್ರತಿ 15ರಿಂದ 30 ನಿಮಿಷಗಳಿಗೊಮ್ಮೆ, 24 ಗಂಟೆಗಳ ಕಾಲ ರಕ್ತದೊತ್ತಡವನ್ನು ದಾಖಲಿಸುತ್ತದೆ. ಈ ಪರೀಕ್ಷೆಯ ಅಗತ್ಯವಿದೆಯೇ ಎಂದು ವೈದ್ಯರನ್ನು ವಿಚಾರಿಸಬೇಕು. ನರಗಳ ಸಮತೋಲನ ಕೆಟ್ಟಿರುವ ಕೆಲವರಿಗೆ ಎದ್ದು ನಿಂತೊಡನೆ ಒತ್ತಡ ಕುಸಿದು ತಲೆ ಸುತ್ತುವುದುಂಟು. ಅದನ್ನೂ ಮುಚ್ಚಿಡದೆ ತಿಳಿಸಬೇಕು. ಗುಳಿಗೆಯ ಪ್ರಮಾಣವನ್ನಾಗಲಿ ವೇಳೆಯನ್ನಾಗಲಿ ಸ್ವಂತ ನಿರ್ಧಾರದಿಂದ ಬದಲಿಸುವುದು ಅಪಾಯಕರ.

ಆಹಾರದಲ್ಲಿ ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆಯಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದು ಸುಮಾರು ಒಂದು ಚಹಾ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಕುರುಕಲು ತಿಂಡಿಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಉಪ್ಪಿಗೆ ಬದಲಾಗಿ ಮಾರುವ ಕೆಲವು ಪುಡಿಗಳಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡ ರೋಗಿಗಳು ವೈದ್ಯರನ್ನು ಕೇಳದೆ ಅವನ್ನು ಬಳಸಕೂಡದು. ಮೈಕೈ ನೋವಿಗೆಂದು ಔಷಧದಂಗಡಿಯಿಂದ ನೇರವಾಗಿ ಗುಳಿಗೆ ತಂದು ನುಂಗುವ ಅಭ್ಯಾಸವನ್ನೂ ತ್ಯಜಿಸಬೇಕು. ಹಲವು ನೋವುನಿವಾರಕಗಳು ಮೂತ್ರಪಿಂಡಕ್ಕೆ ಹಾನಿಕರ.

ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆಯಾದರೂ ಮೂತ್ರದಲ್ಲಿನ ಪ್ರೋಟೀನು ಮತ್ತು ರಕ್ತದಲ್ಲಿನ ಕ್ರಿಯಾಟಿನೀನ್ ಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯ. ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಆರಂಭವಾಗಿದ್ದು, ಅದರಡಿ ಬಡ ರೋಗಿಗಳಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಸೌಲಭ್ಯವಿದೆ. ಆದರೆ ಆ ಹಂತ ಬಾರದಂತೆ ನೋಡಿಕೊಳ್ಳುವುದೇ ಲೇಸು. ಮೂತ್ರಪಿಂಡವು ಬಹುಕಾಲ ನೋವನ್ನು ತೋರಗೊಡದೆ ಸವೆಯುವ ಅಂಗ. ಅದು ದೂರು ಹೇಳಲೆಂದು ಕಾಯದೆ, ಹಗಲಿನಂತೆ ಇರುಳಿನಲ್ಲೂ ಅದರ ಯೋಗಕ್ಷೇಮವನ್ನು ವಿಚಾರಿಸುವುದು ವಿವೇಕ.