ಬೆಳ್ಳಿತೆರೆಯಲ್ಲಿ ಲ್ಯಾಟಿನೊ ಜನರ ಬಿಂಬ

ಓದುಗರೆ, ಮೆಕ್ಸಿಕೊ ದೇಶದವನೊಬ್ಬನನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರೆಂದರೆ ನಿಮ್ಮ ಕಣ್ಣ ಮುಂದೆ ನಿಲ್ಲುವ ಆಕೃತಿ ಎಂತಹುದು? ಅಗಲವಾದ ಟೋಪಿ, ಇಳಿಬಿದ್ದ ಮೀಸೆ, ಎದೆಗೆ ಅಡ್ಡಲಾಗಿ ತೋಟಾಗಳ ಪಟ್ಟಿ, ಸೊಂಟದಲ್ಲಿ ಪಿಸ್ತೂಲು, ಇಷ್ಟೇ ಅಲ್ಲವೆ? ನನಗೂ ಬಹುಕಾಲ ಇಷ್ಟೇ ಕಾಣುತ್ತಿದ್ದಿತು. ನಮ್ಮಲ್ಲಿ ಹೆಚ್ಚಿನವರು ಆ ದೇಶದವರನ್ನು ಕಣ್ಣಾರೆ ಕಂಡವರಲ್ಲ. ಹಾಗಾದರೆ ಈ ಆಕೃತಿ ನಮಗೆ ಬಂದುದೆಲ್ಲಿಂದ?

ನನಗೆ ಬಂದುದು ಜಿಲ್ಲಾ ಕೇಂದ್ರದ ಒಂದು ಟಾಕೀಸಿನಿಂದ. ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಒಂದು ಭಾನುವಾರ ಬೆಳಗಿನ ಆಟಕ್ಕೆ ಹೋಗಿ 'ಮೆಕೆನಾಸ್ ಗೋಲ್ಡ್' ಎಂಬ ಇಂಗ್ಲಿಷ್ ಚಿತ್ರವನ್ನು ನೋಡಿದೆ. 1969ರಲ್ಲಿ ತಯಾರಾದ ಆ ಚಿತ್ರ ನಮ್ಮ ದೇಶದಲ್ಲಿ ವರ್ಷಾನುವರ್ಷ ಮರಳಿ ಮರಳಿ ತೆರೆಕಂಡು ಜನರನ್ನು ಸೆಳೆಯಿತು. ಅದರಲ್ಲಿ ಕೊಲೊರಾಡೊ ಎಂಬ ಮೆಕ್ಸಿಕನ್ ದರೋಡೆಗಾರನಿದ್ದಾನೆ. ನಗುನಗುತ್ತ ಮೋಸಮಾಡುವವನು, ಚಿನ್ನದ ಆಸೆಗೆ ಕೊಲೆಗೂ ಹೇಸದವನು. ಅಂದಿನಿಂದ ನನ್ನ ಪಾಲಿಗೆ ಅವನೇ ಮೆಕ್ಸಿಕೊ. ಆ ಪಾತ್ರ ವಹಿಸಿದ ಓಮರ್ ಷರೀಫ್ ಈಜಿಪ್ಟ್ ದೇಶದ ನಟನೆಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಚಿತ್ರ ಅಮೆರಿಕದ್ದು, ನಟ ಈಜಿಪ್ಟಿನವನು, ನೋಡಿದವನು ಕನ್ನಡಿಗ. ಇವರ ನಡುವೆ ಮೆಕ್ಸಿಕೊದವನೆಲ್ಲಿ?

ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದವಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು. ಅಮೆರಿಕದ ಒಂದು ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ಮಾಡುತ್ತಿರುವ ಆಕೆ ರಜೆಯಲ್ಲಿ ಊರಿಗೆ ಬಂದಾಗ ನಮ್ಮ ಮನೆಗೂ ಬಂದಿದ್ದಳು. ಚಲಚ್ಚಿತ್ರ, ಟೆಲಿವಿಷನ್ ಮುಂತಾದವುಗಳಲ್ಲಿ ಲ್ಯಾಟಿನೊ ಜನರನ್ನು ಹೇಗೆ ತೋರಿಸಿದ್ದಾರೆಂಬುದು ಅವಳ ವಿಷಯ. "ಇದೆಂತಹ ಸಂಶೋಧನೆಯಮ್ಮ?" ಎಂದೆ. "ದೃಷ್ಟಾಂತಾಲಂಕಾರದ ಪಾಠದಲ್ಲಿ ಬಿಂಬ-ಪ್ರತಿಬಿಂಬ ಭಾವವೆಂದು ನೀವೇ ಹೇಳಿಕೊಟ್ಟಿರಲ್ಲ ಮೇಷ್ಟ್ರೇ, ನಾನು ನೋಡುತ್ತಿರುವುದೂ ಅದನ್ನೇ. ಬಿಂಬ ಒಂದು ಕಡೆ, ಪ್ರತಿಬಿಂಬ ಇನ್ನೊಂದು ಕಡೆ ಮುಖಮಾಡಿದೆ, ಅಷ್ಟೇ" ಎಂದಳು. ಹೋಗುವಾಗ ಕೆಲವು ಚಿತ್ರಗಳ ಹೆಸರನ್ನು ಬರೆದುಕೊಟ್ಟುಹೋದಳು. ಬೇಸಿಗೆಯ ರಜೆಯಲ್ಲಿ ನಾನು ನೋಡಿ, ಓದಿ ತಿಳಿದುಕೊಂಡುದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು, ಲ್ಯಾಟಿನೊ ಜನರೆಂದರೆ ಯಾರು? ಮೆಕ್ಸಿಕೊ, ಕ್ಯೂಬಾ, ಪೋರ್ಟೊ ರಿಕೊ, ಮಧ್ಯ ಮತ್ತು ದಕ್ಷಿಣ ಅಮೆರಿಕದ ನಾಡುಗಳು, ಇವುಗಳ ಮೂಲದವರಾಗಿ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ನೆಲೆಸಿರುವವರು. ಇವರೆಲ್ಲರೂ ನಿನ್ನೆ ಮೊನ್ನೆ ವಲಸೆ ಬಂದವರೆಂದು ತಿಳಿಯುವುದು ತಪ್ಪು. 1848ರ ಒಪ್ಪಂದದಿಂದ ಮೆಕ್ಸಿಕೊ ತನ್ನ ಉತ್ತರದ ವಿಶಾಲ ಪ್ರದೇಶವನ್ನು ಕಳೆದುಕೊಂಡಾಗ, ಅಲ್ಲಿದ್ದವರು ಮನೆಯ ಹೊಸ್ತಿಲು ದಾಟದೆಯೇ ಬೇರೊಂದು ದೇಶದವರಾದರು. ಪೋರ್ಟೊ ರಿಕೊ ದ್ವೀಪದವರು 1917ರಿಂದ ಅಮೆರಿಕದ ಪ್ರಜೆಗಳು. 2020ರ ಜನಗಣತಿಯಂತೆ ಇವರೆಲ್ಲರ ಸಂಖ್ಯೆ 6 ಕೋಟಿ 21 ಲಕ್ಷ. ಆ ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು 19 ಮಂದಿ.

ಇವರನ್ನು ಕರೆಯುವ ಹೆಸರಿನಲ್ಲಿಯೇ ಒಂದು ವ್ಯಾಕರಣದ ಸಮಸ್ಯೆ ಇದೆ. ಸ್ಪ್ಯಾನಿಷ್ ಭಾಷೆಯಲ್ಲಿ ಲ್ಯಾಟಿನೊ ಎಂದರೆ ಪುಲ್ಲಿಂಗ, ಲ್ಯಾಟಿನಾ ಎಂದರೆ ಸ್ತ್ರೀಲಿಂಗ. ಗಂಡಸರೂ ಹೆಂಗಸರೂ ಕೂಡಿದ ಗುಂಪಿಗೆ ಪುಲ್ಲಿಂಗದ ಬಹುವಚನವೇ ಸಲ್ಲುತ್ತದೆ. ಇದು ಸರಿಯಲ್ಲವೆಂದು ಕೆಲವರು ಕೊನೆಯ ಅಕ್ಷರವನ್ನು ತೆಗೆದು ಅಲ್ಲಿ ಎಕ್ಸ್ ಅಕ್ಷರವನ್ನಿಟ್ಟು 'ಲ್ಯಾಟಿನೆಕ್ಸ್' ಎಂಬ ಪದವನ್ನು ಬಳಕೆಗೆ ತಂದರು. ವಿದ್ವಾಂಸರ ಬರಹಗಳಲ್ಲಿ ಅದು ಹಬ್ಬಿತು. ಜನರ ಬಾಯಲ್ಲಿ ಊರಲಿಲ್ಲ. ಪ್ಯೂ ಸಂಶೋಧನ ಕೇಂದ್ರ 2024ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಆ ಜನರಲ್ಲಿ ಶೇಕಡಾ 47 ಮಂದಿ ಪದವನ್ನು ಕೇಳಿದ್ದರು. ತಮ್ಮನ್ನು ಹಾಗೆ ಕರೆದುಕೊಳ್ಳುತ್ತಿದ್ದವರು ಶೇಕಡಾ 4 ಮಾತ್ರ. ಕೇಶಿರಾಜನ ಸೂತ್ರಗಳನ್ನು ಬಾಯಿಪಾಠ ಮಾಡಿದ ನನ್ನಂಥವನಿಗೆ ಇಲ್ಲಿ ನಮ್ಮ ನುಡಿಯ ಒಂದು ಸೌಕರ್ಯ ನೆನಪಾಯಿತು. ಅವನು, ಅವಳು ಎಂದು ಏಕವಚನದಲ್ಲಿ ಬೇರೆಯಾದವರು ಬಹುವಚನದಲ್ಲಿ 'ಅವರು' ಎಂದು ಒಂದಾಗಿಬಿಡುತ್ತಾರೆ. ಆದರೆ ಹೆಸರಿನ ವಿಷಯದಲ್ಲಿ ತೀರ್ಪು ಕೊಡಬೇಕಾದವರು ಹೆಸರನ್ನು ಹೊತ್ತವರು. ಹೊರಗಿನ ನಾವಲ್ಲ, ವ್ಯಾಕರಣವೂ ಅಲ್ಲ.

ಇನ್ನು ತೆರೆಯ ಮಾತಿಗೆ ಬರೋಣ. ಇಂತಹ ಸಂಶೋಧನೆಗೆ ಹೊರಟವರು ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದಿರಬೇಕು. ಯಾರು ಕಾಣುತ್ತಾರೆ? ಏನಾಗಿ ಕಾಣುತ್ತಾರೆ? ಕಾಣಿಸುವವರು ಯಾರು?

ಮೊದಲನೆಯದು ಎಣಿಕೆಯ ಪ್ರಶ್ನೆ. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಅನೆನ್‌ಬರ್ಗ್ ಶಾಲೆಯ ಸಂಶೋಧಕರು 2007ರಿಂದ 2019ರವರೆಗಿನ 1,300 ಜನಪ್ರಿಯ ಚಿತ್ರಗಳನ್ನು ಪರಿಶೀಲಿಸಿದರು. ಮಾತುಳ್ಳ ಪಾತ್ರಗಳಲ್ಲಿ ಈ ಜನರು ಶೇಕಡಾ 5ರಷ್ಟು. ಇವರು ನಾಯಕ ಅಥವಾ ನಾಯಕಿಯರಾಗಿದ್ದ ಚಿತ್ರಗಳು ಶೇಕಡಾ 3.5. ಬೀದಿಯಲ್ಲಿ ಐವರಲ್ಲಿ ಒಬ್ಬರಾಗಿ ಸಿಗುವವರು ತೆರೆಯ ಮೇಲೆ ಇಪ್ಪತ್ತು ಮಂದಿಯಲ್ಲಿ ಒಬ್ಬರು! ಎಣಿಕೆ ಸಣ್ಣ ಕೆಲಸವೆಂದು ಕಾಣಬಹುದು. ಆದರೆ 'ನಮ್ಮನ್ನು ತೋರಿಸುವುದಿಲ್ಲ' ಎಂಬ ಗೊಣಗಾಟವನ್ನು ಯಾರೂ ಅಲ್ಲಗಳೆಯಲಾಗದ ಮಾತನ್ನಾಗಿ ಮಾಡುವುದು ಈ ಎಣಿಕೆಯೇ.

ಎರಡನೆಯದು ಗುಣದ ಪ್ರಶ್ನೆ. ಟೆಕ್ಸಾಸಿನ ಪ್ರಾಧ್ಯಾಪಕರಾದ ಚಾರ್ಲ್ಸ್ ರಾಮಿರೆಜ್ ಬರ್ಗ್ ಎಂಬವರು 2002ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆರು ಅಚ್ಚುಗಳನ್ನು ಗುರುತಿಸಿದ್ದಾರೆ: ದರೋಡೆಗಾರ, ನಡತೆಗೆಟ್ಟ ಹೆಣ್ಣು, ಕೋಡಂಗಿ, ನಗೆಪಾಟಲಿನ ಹೆಂಗಸು, ಶೃಂಗಾರಪುರುಷ, ನಿಗೂಢ ಸುಂದರಿ. ಮೂಕಿ ಚಿತ್ರಗಳ ಕಾಲದಿಂದ ಹಾಲಿವುಡ್ ಇವೇ ಅಚ್ಚುಗಳಲ್ಲಿ ಎರಕ ಹೊಯ್ದಿತು. ದರೋಡೆಗಾರನ ಅಚ್ಚನ್ನಂತೂ ಎಷ್ಟು ಸವೆಸಿದರೆಂದರೆ, ತನ್ನ ಜನರನ್ನು ಹೀನಾಯವಾಗಿ ತೋರಿಸುವ ಕಂಪೆನಿಗಳ ಚಿತ್ರಗಳಿಗೆ 1922ರಲ್ಲಿ ಮೆಕ್ಸಿಕೊ ಸರಕಾರ ನಿಷೇಧವನ್ನೇ ಹಾಕಬೇಕಾಯಿತು.

ಆ ಅಚ್ಚಿನ ಪಾತ್ರಗಳಾದರೂ ಆ ಜನರಿಗೆ ದಕ್ಕಿದುವೆ? ಅದೂ ಇಲ್ಲ. 1952ರ 'ವಿವಾ ಜಪಾಟ' ಚಿತ್ರದಲ್ಲಿ ಮೆಕ್ಸಿಕೊದ ಕ್ರಾಂತಿವೀರ ಜಪಾಟನಾಗಿ ನಟಿಸಿದವನು ಮಾರ್ಲನ್ ಬ್ರ್ಯಾಂಡೊ, ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು. ಮೆಕ್ಸಿಕೊದಲ್ಲಿಯೇ ಹುಟ್ಟಿದ ಆಂಥೊನಿ ಕ್ವಿನ್‌ಗೆ ಸಿಕ್ಕಿದ್ದು ತಮ್ಮನೋ ಅಣ್ಣನೋ ಆಗಿ ಪಕ್ಕದಲ್ಲಿ ನಿಲ್ಲುವ ಪಾತ್ರ. ಅದಕ್ಕೇ ಆತ ಆಸ್ಕರ್ ಪ್ರಶಸ್ತಿ ಗೆದ್ದನೆಂಬುದು ಬೇರೆ ಮಾತು. ಮಾರ್ಗರೀಟ ಕಾರ್ಮೆನ್ ಕಾನ್ಸಿನೊ ಎಂಬ ಹುಡುಗಿಯಾದರೋ ಕೂದಲಿಗೆ ಕೆಂಪು ಬಣ್ಣ ಹಾಕಿಸಿಕೊಂಡು, ನೋವು ತಿಂದು ಹಣೆಯ ಮೇಲಿನ ಕೂದಲಂಚನ್ನು ಹಿಂದೆ ಸರಿಸಿಕೊಂಡು, ತಂದೆಯ ಸ್ಪ್ಯಾನಿಷ್ ಹೆಸರನ್ನು ಬಿಟ್ಟ ಮೇಲೆಯೇ ರೀಟಾ ಹೇವರ್ತ್ ಎಂಬ ತಾರೆಯಾದಳು. 1961ರ 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ ಪೋರ್ಟೊ ರಿಕೊದ ನಾಯಕಿ ಮರಿಯಾ ಆಗಿ ನಟಿಸಿದ ನ್ಯಾಟಲಿ ವುಡ್ ಆ ದ್ವೀಪದವಳಲ್ಲ. ಅಣ್ಣನ ಪಾತ್ರದ ಜಾರ್ಜ್ ಚಕೀರಿಸ್ ಗ್ರೀಕ್ ಮೂಲದವನು. ದ್ವೀಪದವಳೇ ಆದ ರೀಟಾ ಮೊರೇನೊ ಮುಖಕ್ಕೂ ಎಲ್ಲರಂತೆ ಒಂದೇ ಕಡುಗಂದು ಬಣ್ಣ ಬಳಿದರು. ನಮ್ಮ ಜನರಲ್ಲಿ ಎಲ್ಲ ಬಣ್ಣದವರೂ ಇದ್ದಾರೆಂದು ಆಕೆ ಹೇಳಿದರೂ ಕೇಳುವವರಿರಲಿಲ್ಲ. ಆ ಪಾತ್ರಕ್ಕೆ ಆಕೆಗೆ ಆಸ್ಕರ್ ಬಂದಿತು. ಅರುವತ್ತು ವರ್ಷಗಳ ಮೇಲೆ, 2021ರಲ್ಲಿ, ಅದೇ ಕಥೆಯನ್ನು ಸ್ಪೀಲ್‌ಬರ್ಗ್ ಮತ್ತೆ ತೆಗೆದಾಗ ಆ ಜನರ ಪಾತ್ರಗಳನ್ನು ಆ ಮೂಲದವರಿಗೇ ಕೊಟ್ಟರು. ಸ್ಪ್ಯಾನಿಷ್ ಮಾತುಗಳಿಗೆ ಕೆಳಗೆ ಇಂಗ್ಲಿಷ್ ಬರಹವನ್ನೂ ಹಾಕಲಿಲ್ಲ. ಒಂದು ಭಾಷೆ ಇನ್ನೊಂದರ ಅಡಿಯಾಳಲ್ಲವೆಂಬುದು ಅದರ ಇಂಗಿತ.

ಮೂರನೆಯ ಪ್ರಶ್ನೆಯೇ ಮುಖ್ಯವೆಂದು ನನಗೆ ತೋರುತ್ತದೆ: ಕಾಣಿಸುವವರು ಯಾರು? 1954ರಲ್ಲಿ ಹೊರಬಂದ 'ಸಾಲ್ಟ್ ಆಫ್ ದಿ ಅರ್ಥ್' ಎಂಬ ಚಿತ್ರವನ್ನು ಓದುಗರು ಸಾಧ್ಯವಾದರೆ ನೋಡಬೇಕು. ನ್ಯೂ ಮೆಕ್ಸಿಕೊ ಪ್ರಾಂತದ ಸತುವಿನ ಗಣಿಯಲ್ಲಿ ಮೆಕ್ಸಿಕನ್ ಮೂಲದ ಕೆಲಸಗಾರರು ನಡೆಸಿದ ನಿಜವಾದ ಮುಷ್ಕರವೇ ಅದರ ವಸ್ತು. ಗಂಡಸರು ಗಣಿಯ ಮುಂದೆ ನಿಲ್ಲಕೂಡದೆಂದು ನ್ಯಾಯಾಲಯ ತಡೆಯಾಜ್ಞೆ ಕೊಟ್ಟಾಗ ಅವರ ಹೆಂಡಂದಿರು ಬಂದು ಆ ಸ್ಥಾನದಲ್ಲಿ ನಿಂತರು. ಚಿತ್ರಕಥೆ ಬರೆದ ಮೈಕೆಲ್ ವಿಲ್ಸನ್, ನಿರ್ದೇಶಕ ಬೀಬರ್‌ಮನ್ ಇಬ್ಬರೂ ಕಮ್ಯೂನಿಸ್ಟರೆಂಬ ಆರೋಪದಿಂದ ಹಾಲಿವುಡ್ಡಿನಿಂದ ಬಹಿಷ್ಕೃತರಾಗಿದ್ದವರು. ಅವರು ಬರೆದುದನ್ನು ಗಣಿಗಾರರ ಮುಂದೆ ಓದಿ, ಅವರು ಒಪ್ಪದ ಕಡೆ ತಿದ್ದಿದರು. ನಾಯಕನಾಗಿ ನಟಿಸಿದ ಹ್ವಾನ್ ಚಾಕೋನ್ ನಿಜಜೀವನದಲ್ಲಿಯೂ ಕಾರ್ಮಿಕ ಸಂಘದ ಮುಂದಾಳು. ನಾಯಕಿ ರೊಸಾವ್ರಾ ರೆವುಎಲ್ಟಾಸ್ ಅವರನ್ನು ಚಿತ್ರೀಕರಣದ ನಡುವೆಯೇ ಸೆರೆಹಿಡಿದರು. ಆಕೆ ಮೆಕ್ಸಿಕೊಗೆ ಹಿಂದಿರುಗಬೇಕಾಯಿತು. ಬೆರಳೆಣಿಕೆಯ ಚಿತ್ರಮಂದಿರಗಳು ಮಾತ್ರ ಆ ಚಿತ್ರವನ್ನು ತೋರಿಸಲು ಮುಂದೆ ಬಂದುವು. ಅಲ್ಲಿ ದರೋಡೆಗಾರನಿಲ್ಲ, ಕೋಡಂಗಿಯಿಲ್ಲ; ನೀರಿನ ಕೊಳಾಯಿಗಾಗಿ ಕೇಳುವ ಗೃಹಿಣಿಯರಿದ್ದಾರೆ. ಕನ್ನಡಿಯನ್ನು ಹಿಡಿದ ಕೈ ಬದಲಾದರೆ ಪ್ರತಿಬಿಂಬ ಎಷ್ಟು ಬದಲಾಗುತ್ತದೆ ನೋಡಿ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಕ್ವಾರೋನ್, ಇನ್ಯಾರಿಟು, ದೆಲ್ ತೋರೊ ಎಂಬ ಮೂವರು ಮೆಕ್ಸಿಕೊದ ನಿರ್ದೇಶಕರು 2014ರಿಂದ 2019ರವರೆಗಿನ ಆರು ವರ್ಷಗಳಲ್ಲಿ ಐದು ಸಲ ನಿರ್ದೇಶನದ ಆಸ್ಕರ್ ಗಳಿಸಿದರು. ಇದನ್ನು ತೋರಿಸಿ 'ಇನ್ನೇನು ಬೇಕು?' ಎನ್ನುವವರುಂಟು. ಆದರೆ ಇವರು ಮೆಕ್ಸಿಕೊದಲ್ಲಿ ಬೆಳೆದು ಹೆಸರು ಮಾಡಿದವರು. ಅಮೆರಿಕದಲ್ಲಿಯೇ ಹುಟ್ಟಿ ಲಾಸ್ ಏಂಜಲೀಸಿನ ಪೂರ್ವದ ಬೀದಿಗಳಲ್ಲಿ ಬೆಳೆದ ಹುಡುಗನಿಗೆ ಅವಕಾಶ ಸಿಕ್ಕಿತೆ ಎಂಬುದು ಬೇರೆಯೇ ಪ್ರಶ್ನೆ. ಆ ದೇಶದ ಸರಕಾರದ ಲೆಕ್ಕಪರಿಶೋಧನ ಕಚೇರಿ 2021ರಲ್ಲಿ ಕೊಟ್ಟ ವರದಿಯಂತೆ, 2019ರಲ್ಲಿ ಇತರ ಉದ್ಯೋಗಗಳಲ್ಲಿ ಈ ಜನರು ಶೇಕಡಾ 18 ಇದ್ದರೆ ಮಾಧ್ಯಮದ ಉದ್ಯೋಗಗಳಲ್ಲಿ ಶೇಕಡಾ 12 ಮಾತ್ರ ಇದ್ದರು.

ಪೂರ್ವ ಲಾಸ್ ಏಂಜಲೀಸಿನ ಮಾತು ಬಂದುದರಿಂದ ನನ್ನ ಮನಸ್ಸನ್ನು ಹೆಚ್ಚು ಕಲಕಿದ ಚಿತ್ರವನ್ನು ಹೇಳಿಬಿಡುತ್ತೇನೆ. ಅದು 1988ರ 'ಸ್ಟ್ಯಾಂಡ್ ಅಂಡ್ ಡೆಲಿವರ್'. ಬೊಲಿವಿಯ ದೇಶದಿಂದ ಬಂದ ಹೈಮೆ ಎಸ್ಕಲಾಂಟೆ ಎಂಬ ಗಣಿತದ ಮೇಷ್ಟ್ರು 1974ರಲ್ಲಿ ಅಲ್ಲಿಯ ಗಾರ್ಫೀಲ್ಡ್ ಹೈಸ್ಕೂಲಿಗೆ ಸೇರಿದರು. ಬಡವರ ಮಕ್ಕಳು, ಇವರಿಗೆ ಕೂಡುವ ಕಳೆಯುವ ಲೆಕ್ಕ ಬಂದರೆ ಸಾಕೆಂದುಕೊಂಡಿದ್ದ ಲೋಕ. ಆ ಮಕ್ಕಳಿಗೆ ಅವರು ಕಲನಶಾಸ್ತ್ರವನ್ನು ಕಲಿಸಿದರು. 1982ರಲ್ಲಿ 18 ಮಂದಿ ಕಾಲೇಜು ಮಟ್ಟದ ಪರೀಕ್ಷೆಗೆ ಕುಳಿತು ಎಲ್ಲರೂ ತೇರ್ಗಡೆಯಾದರು. ತಪ್ಪುಗಳು ಒಂದೇ ತೆರನಾಗಿವೆಯೆಂದು ಪರೀಕ್ಷಾ ಸಂಸ್ಥೆ 14 ಮಂದಿಯ ಮೇಲೆ ಅನುಮಾನ ಪಟ್ಟಿತು. ಅವರಲ್ಲಿ 12 ಮಂದಿ ಮತ್ತೊಮ್ಮೆ ಪರೀಕ್ಷೆ ಬರೆದರು; ಹನ್ನೆರಡು ಮಂದಿಯೂ ತೇರ್ಗಡೆಯಾದರು. ಈ ಮಕ್ಕಳ ಹೆಸರು ಸ್ಪ್ಯಾನಿಷ್ ಆಗಿರದಿದ್ದರೆ, ಶಾಲೆ ಈ ಕೇರಿಯದಾಗಿರದಿದ್ದರೆ ಈ ಅನುಮಾನ ಬರುತ್ತಿತ್ತೆ ಎಂದು ಚಿತ್ರದಲ್ಲಿ ಮೇಷ್ಟ್ರು ಕೇಳುತ್ತಾರೆ. ಹಲವು ವರ್ಷಗಳ ದುಡಿಮೆಯನ್ನು ಚಿತ್ರ ಒಂದೆರಡು ವರ್ಷಕ್ಕೆ ಇಳಿಸಿದೆ. ಸಂಶೋಧಕರು ಅದನ್ನೂ ಗುರುತು ಹಾಕಿಕೊಳ್ಳಬೇಕು. ಮೆಚ್ಚಿದ ಚಿತ್ರಕ್ಕೆ ವಿನಾಯಿತಿ ಇಲ್ಲ.

ಆ ಪ್ರಶ್ನೆಯನ್ನು ಕೇಳಿದಾಗ ನಾನು ಚಿತ್ರವನ್ನು ಅಲ್ಲಿಗೇ ನಿಲ್ಲಿಸಿ ಎದ್ದು ಹೊರಗೆ ಜಗುಲಿಯ ಮೇಲೆ ಕುಳಿತೆ. ಇಪ್ಪತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕಲ್ಲುಕುಟಿಗರ ಹುಡುಗನೊಬ್ಬನಿದ್ದ. ಮಳೆಗಾಲದ ಮೇಲೆ ಅವನು ಬರೆದುತಂದ ಪ್ರಬಂಧ ಬಹಳ ಚೆನ್ನಾಗಿದ್ದಿತು. "ಯಾರ ಕೈಲಿ ಬರೆಸಿದೆಯೋ?" ಎಂದು ಎಲ್ಲರೆದುರಿಗೆ ಕೇಳಿದೆ. ಅವನು ಮಾತಾಡಲಿಲ್ಲ. ನನ್ನ ಮೇಜಿನ ಪಕ್ಕದಲ್ಲಿ ನಿಲ್ಲಿಸಿ ಬೇರೊಂದು ವಿಷಯ ಕೊಟ್ಟು ಬರೆಸಿದೆ. ಮೊದಲಿಗಿಂತ ಚೆನ್ನಾಗಿ ಬರೆದ. ನಾನು "ಭೇಷ್" ಎಂದೆ, ತಪ್ಪಾಯಿತೆಂದು ಅನ್ನಲಿಲ್ಲ. ಮುಂದೆ ಆ ಹುಡುಗ ನನ್ನ ತರಗತಿಯಲ್ಲಿ ಒಂದು ಸಲವೂ ಕೈಯೆತ್ತಲಿಲ್ಲ.

ಅವನು ಬರೆಯಲಾರನೆಂದು ನನಗೆ ಹೇಳಿಕೊಟ್ಟವರು ಯಾರು? ಯಾರೂ ಹೇಳಿರಲಿಲ್ಲ. ಅಂಥವರನ್ನು ಅಂಥ ರೀತಿಯಲ್ಲಿಯೇ ಕಂಡು ಕಂಡು ಮನಸ್ಸಿನಲ್ಲಿ ಒಂದು ಅಚ್ಚು ಬಿದ್ದಿದ್ದಿತು. ಹುಡುಗ ಬರುವ ಮೊದಲೇ ಅವನ ಬಿಂಬ ತರಗತಿಗೆ ಬಂದು ಕುಳಿತಿದ್ದಿತು. ನಾನು ತಿದ್ದಿದ್ದು ಆ ಬಿಂಬದ ಪ್ರಬಂಧವನ್ನು. ಗಾರ್ಫೀಲ್ಡ್ ಶಾಲೆಯ ಕಥೆಯಿಂದ ನನಗೆ ತಿಳಿದದ್ದು ಇದು: ತೆರೆಯ ಮೇಲಿನ ಚಿತ್ರ ಆಟ ಮುಗಿದ ಮೇಲೆ ತೆರೆಯಲ್ಲಿಯೇ ಉಳಿಯುವುದಿಲ್ಲ. ಪರೀಕ್ಷೆಯ ಕೊಠಡಿಗೆ, ಕೆಲಸ ಕೊಡುವವರ ಮೇಜಿಗೆ, ಪೋಲೀಸಿನವರ ಕಣ್ಣಿಗೆ ಅದು ನಡೆದುಹೋಗುತ್ತದೆ. ಆದುದರಿಂದಲೇ ಅದನ್ನು ಎಣಿಸಿ, ಅಳೆದು, ಬರೆದಿಡುವವರ ಕೆಲಸ ದೊಡ್ಡದು.

ಆ ಕೆಲಸದಿಂದ ಫಲವೂ ಉಂಟು. 2013ರಲ್ಲಿ ಡಿಸ್ನಿ ಕಂಪೆನಿ ಮೆಕ್ಸಿಕೊದವರು ತೀರಿಕೊಂಡ ಹಿರಿಯರನ್ನು ನೆನೆಯುವ ಹಬ್ಬದ ಹೆಸರನ್ನೇ ತನ್ನ ವ್ಯಾಪಾರದ ಮುದ್ರೆಯನ್ನಾಗಿ ನೋಂದಾಯಿಸಲು ಹೊರಟಿತು. ಜನರು ಪ್ರತಿಭಟಿಸಿದರು, ಕಂಪೆನಿ ಹಿಂದೆಗೆಯಿತು. ಆಗ ವ್ಯಂಗ್ಯಚಿತ್ರ ಬರೆದು ಗೇಲಿ ಮಾಡಿದ್ದ ಲಾಲೊ ಅಲ್ಕರಾಸ್ ಅವರನ್ನೇ ಮುಂದೆ ಸಲಹೆಗಾರರನ್ನಾಗಿ ಕರೆದುಕೊಂಡಿತು. 2017ರ 'ಕೋಕೊ' ಬಂದುದು ಹಾಗೆ. ಅದನ್ನು ನೋಡುತ್ತ ನನ್ನ ಮೊಮ್ಮಗಳು, "ತಾತ, ಅವರೂ ನಮ್ಮ ಹಾಗೆ ಹಿರಿಯರಿಗೆ ಎಡೆ ಇಡುತ್ತಾರಾ?" ಎಂದು ಕೇಳಿದಳು. ಹೌದಮ್ಮ ಎಂದೆ. ಅವಳಿಗೆ ಮೆಕ್ಸಿಕೊ ಎಂದರೆ ಇನ್ನು ಮುಂದೆ ಚೆಂಡುಹೂವಿನ ದಾರಿ, ಹಿರಿಯರ ಪಟ, ಗಿಟಾರು ಹಿಡಿದ ಹುಡುಗ. ಅದೂ ಒಂದು ಚಿತ್ರವೇ, ಪೂರ್ಣಸತ್ಯವಲ್ಲ. ಆದರೆ ಅದರಲ್ಲಿ ಪಿಸ್ತೂಲಿಲ್ಲ. ಮತ್ತು ಅವಳು 'ಅವರು' ಎಂದಳು.