ಬೇರಿನ ಜಾಡು ಹಿಡಿದ ಬ್ಯಾಕ್ಟೀರಿಯಾ

ಖಾನಾಪುರದ ಕಡೆ ಮಿರಗಾ ಮಳೆ ಹಿಡಿಯಿತೆಂದರೆ ಮಣ್ಣಿನೊಳಗೂ ಓಡಾಟ ಶುರುವಾಗುತ್ತದೆ. ಬೇಸಿಗೆಯಿಡೀ ಒಣಗಿದ್ದ ಕಣಗಳ ಸುತ್ತ ನೀರಿನ ತೆಳುಪೊರೆ ಕೂಡಿಕೊಳ್ಳುತ್ತದೆ, ಸಣ್ಣಸಣ್ಣ ಸಂದುಗಳು ತುಂಬಿಕೊಳ್ಳುತ್ತವೆ. ಬ್ಯಾಕ್ಟೀರಿಯಾಗಳಿಗೆ ಅದೇ ದಾರಿ. ಒಂದು ಮಿಲಿಮೀಟರಿನಲ್ಲಿ ಐನೂರು ಸಾಲಾಗಿ ನಿಲ್ಲಬಹುದಾದಷ್ಟು ಸಣ್ಣ ಜೀವಿಗಳಿವು. ಕಣ್ಣಿಲ್ಲ, ಮೂಗಿಲ್ಲ, ನರವಿಲ್ಲ. ಆದರೂ ಕತ್ತಲಲ್ಲಿ ಬೇರು ಎಲ್ಲಿದೆಯೆಂದು ಹುಡುಕಿಕೊಂಡು ಹೋಗುತ್ತವೆ. ಹೇಗೆ ಹೋಗುತ್ತವೆ ಎಂಬುದನ್ನು ತಿಳಿಯಲು ಮನುಷ್ಯರಿಗೆ ನೂರು ವರ್ಷ ಹಿಡಿಯಿತು.

ಮೊದಲ ಸುಳಿವು ಸಿಕ್ಕಿದ್ದು ಆಮ್ಲಜನಕದಿಂದ. 1881ರ ಸುಮಾರಿಗೆ ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಥಿಯೋಡೋರ್ ಎಂಗಲ್‌ಮನ್ ಸೂಕ್ಷ್ಮದರ್ಶಕದ ಕೆಳಗೆ ಪಾಚಿಯ ಎಳೆ ಇಟ್ಟು ನೋಡುತ್ತಿದ್ದರು. ಬೆಳಕು ಬಿದ್ದು ಆಮ್ಲಜನಕ ಹೊಮ್ಮುವ ಜಾಗದಲ್ಲೇ ಬ್ಯಾಕ್ಟೀರಿಯಾಗಳು ಗುಂಪುಗೂಡುತ್ತಿದ್ದವು. 1884ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಫೆಫರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೂದಲೆಳೆಯಂಥ ಗಾಜಿನ ಕೊಳವೆಯಲ್ಲಿ ಮ್ಯಾಲಿಕ್ ಆಮ್ಲ ತುಂಬಿಟ್ಟಾಗ ಜರೀಗಿಡದ ಗಂಡು ಜೀವಕಣಗಳು ಅದರೊಳಗೆ ನುಗ್ಗಿದವು. ಖಾನಾಪುರದ ಕಾಡಿನಲ್ಲಿ ಮಳೆಗಾಲಕ್ಕೆ ಬಂಡೆಬಂಡೆಗೂ ಹಬ್ಬುವ ಜರೀಗಿಡಗಳ ಸಂತತಿ ಮುಂದುವರಿಯುವುದು ಈ ಈಜಿನಿಂದಲೇ. ಮುಂದೆ ಇದೇ ಕೊಳವೆಯನ್ನು ಫೆಫರ್ ಬ್ಯಾಕ್ಟೀರಿಯಾಗಳಿಗೂ ಒಡ್ಡಿದರು. ಅವೂ ನುಗ್ಗಿದವು.

ಇದೇ ಹೊತ್ತಿಗೆ ಹೊಲದ ಕಡೆಯಿಂದಲೂ ಸುದ್ದಿ ಬಂತು. ದ್ವಿದಳ ಬೆಳೆಯ ಬೇರುಗಂಟುಗಳೇ ಗಾಳಿಯ ಸಾರಜನಕವನ್ನು ಹಿಡಿಯುತ್ತವೆಂದು ಹೆಲ್‌ರೀಗಲ್, ವಿಲ್‌ಫಾರ್ತ್ ಎಂಬ ವಿಜ್ಞಾನಿಗಳು ತೋರಿಸಿದರು. 1888ರಲ್ಲಿ ಮಾರ್ಟಿನಸ್ ಬೈಯರಿಂಕ್ ಆ ಗಂಟಿನಿಂದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಇವತ್ತು ಗೊಬ್ಬರದಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುವ ರೈಜೋಬಿಯಂ ಅದರ ವಂಶದ್ದೇ.

ಆದರೆ ಈಜುವುದೇಕೆ, ತಿರುಗುವುದು ಹೇಗೆ ಎಂಬ ಪ್ರಶ್ನೆ ಸುಮಾರು ಎಂಬತ್ತು ವರ್ಷ ಹಾಗೆಯೇ ಉಳಿಯಿತು. ಅದನ್ನು ಮತ್ತೆ ಕೈಗೆತ್ತಿಕೊಂಡವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೂಲಿಯಸ್ ಆಡ್ಲರ್. ಅವರು ಆರಿಸಿದ್ದು ನಮ್ಮ ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾ. 1969ರ ಅವರ ಪ್ರಯೋಗ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಗ್ಯಾಲಕ್ಟೋಸ್ ಸಕ್ಕರೆಯನ್ನು ಅರಗಿಸಿಕೊಳ್ಳಲಾರದ ತಳಿಗಳೂ ಆ ಸಕ್ಕರೆಯತ್ತ ಈಜಿದವು! ಅಂದರೆ ತಿಂದು ತಿಳಿಯುವುದಲ್ಲ. ಸಕ್ಕರೆ ಇದೆಯೆಂದು ಅರಿಯುವ ಪ್ರೋಟೀನುಗಳೇ ಬೇರೆ ಇವೆ.

ಇಷ್ಟು ಚಿಕ್ಕ ದೇಹಕ್ಕೆ ತಲೆಗೂ ಬಾಲಕ್ಕೂ ನಡುವಿನ ವ್ಯತ್ಯಾಸ ಅಳೆಯುವುದು ಬಹಳ ಕಷ್ಟ. ಹಾಗಾದರೆ ದಿಕ್ಕು ತಿಳಿಯುವುದು ಹೇಗೆ? 1972ರಲ್ಲಿ ಎರಡು ಕಡೆಯಿಂದ ಉತ್ತರ ಬಂತು. ಹೊವರ್ಡ್ ಬರ್ಗ್ ಒಂದೊಂದೇ ಬ್ಯಾಕ್ಟೀರಿಯಾವನ್ನು ಬೆನ್ನಟ್ಟುವ ಸೂಕ್ಷ್ಮದರ್ಶಕವನ್ನೇ ಕಟ್ಟಿದರು. ಬ್ಯಾಕ್ಟೀರಿಯಾ ಸುಮಾರು ಒಂದು ಸೆಕೆಂಡು ನೇರ ಈಜುತ್ತದೆ, ಕ್ಷಣಮಾತ್ರ ಹೊರಳಾಡುತ್ತದೆ, ಮತ್ತೆ ಯಾವುದೋ ದಿಕ್ಕಿಗೆ ಹೊರಡುತ್ತದೆ. ಸಕ್ಕರೆ ಹೆಚ್ಚುತ್ತಿದ್ದರೆ ನೇರ ಓಟ ಉದ್ದವಾಗುತ್ತದೆ, ಅಷ್ಟೇ. ಅತ್ತ ಮ್ಯಾಕ್‌ನ್ಯಾಬ್, ಕೋಶ್ಲಂಡ್ ಇಬ್ಬರೂ ಬ್ಯಾಕ್ಟೀರಿಯಾಗಳನ್ನು ಫಕ್ಕನೆ ಹೆಚ್ಚು ಆಹಾರವಿರುವ ದ್ರವಕ್ಕೆ ಬೆರೆಸಿದರು. ಸುತ್ತಲೂ ಎಲ್ಲೆಡೆ ಒಂದೇ ಪ್ರಮಾಣವಿದ್ದರೂ ಅವು ಹೊರಳದೆ ನೇರ ಈಜಿದವು. ಈಗಿರುವುದನ್ನು ಸ್ವಲ್ಪ ಮುಂಚೆ ಇದ್ದುದಕ್ಕೆ ಹೋಲಿಸುತ್ತವೆ ಎಂದಾಯಿತು. ಬೆಳಗಾವಿಯ ಖಡೇಬಜಾರಿನಲ್ಲಿ ಕಣ್ಣು ಮುಚ್ಚಿಕೊಂಡು ಕುಂದಾದ ಪರಿಮಳ ಹಿಡಿದು ಹೊರಟವರು ಹೀಗೇ ಮಾಡುತ್ತಾರೆ. ನಾಲ್ಕು ಹೆಜ್ಜೆಗೆ ಘಮ ಏರಿದರೆ ಮುಂದೆ, ಇಳಿದರೆ ಬೇರೆ ಕಡೆ.

ಈ ನೆನಪು ಇರುವುದು ಎಲ್ಲಿ? ಗ್ರಾಹಕ ಪ್ರೋಟೀನುಗಳ ಮೇಲೆ. ರಾಸಾಯನಿಕ ತಾಗಿದ ಸುದ್ದಿ ಈಜಲು ಬಳಸುವ ಬಾಲದಂಥ ಕಶಾಂಗದ ಬುಡದ ಮೋಟಾರಿಗೆ ತಕ್ಷಣ ತಲುಪುತ್ತದೆ. ಅದೇ ಹೊತ್ತಿಗೆ ಗ್ರಾಹಕಕ್ಕೆ ಮೀಥೈಲ್ ಗುಂಪುಗಳು ನಿಧಾನವಾಗಿ ಅಂಟುತ್ತಾ ಅದನ್ನು ಹೊಸ ಮಟ್ಟಕ್ಕೆ ಹೊಂದಿಸುತ್ತವೆ. ಸುದ್ದಿ ಬೇಗ, ಹೊಂದಾಣಿಕೆ ತಡ. ಆ ನಡುವಿನ ಕೆಲವು ಸೆಕೆಂಡೇ ಬ್ಯಾಕ್ಟೀರಿಯಾದ ನೆನಪು.

ಮಣ್ಣಿನವರ ಬಗೆ ಇನ್ನೂ ಬೇರೆ. ಇ. ಕೋಲೈ ಮೋಟಾರು ಎಡಕ್ಕೂ ಬಲಕ್ಕೂ ತಿರುಗುತ್ತದೆ. ಮೆಂತೆಜಾತಿಯ ಬೇರಿನಲ್ಲಿ ಗಂಟು ಕಟ್ಟುವ ರೈಜೋಬಿಯಂ ಮೋಟಾರು ಒಂದೇ ಕಡೆಗೆ ತಿರುಗುತ್ತದೆ. ವೇಗ ಏರುಪೇರಾದಾಗ ದಿಕ್ಕು ಬದಲಾಗುತ್ತದೆ. ಜರ್ಮನಿಯ ಗೋಟ್ಸ್, ಶ್ಮಿಟ್ ಇದನ್ನು 1987ರಲ್ಲಿ ವರದಿ ಮಾಡಿದರು. ಗ್ರಾಹಕಗಳ ಲೆಕ್ಕವೂ ನೋಡಿ: ಇ. ಕೋಲೈಗೆ 5, ಈ ರೈಜೋಬಿಯಂಗೆ 8, ಭತ್ತಕ್ಕೆ ಕೊಡುವ ಅಜೋಸ್ಪಿರಿಲ್ಲಂಗೆ 40ಕ್ಕಿಂತ ಹೆಚ್ಚು. ಬ್ರೆಜಿಲಿನಲ್ಲಿ ಯೋಹಾನಾ ಡೋಬರೈನರ್ 1970ರ ದಶಕದಲ್ಲಿ ಬೆಳಕಿಗೆ ತಂದ ಈ ಜೀವಿ ಆಮ್ಲಜನಕ ತೀರಾ ಹೆಚ್ಚೂ ಅಲ್ಲದ, ತೀರಾ ಕಡಿಮೆಯೂ ಅಲ್ಲದ ಜಾಗವನ್ನು ಹುಡುಕಿಕೊಳ್ಳುತ್ತದೆ. ಖಾನಾಪುರದ ನೀರು ನಿಂತ ಗದ್ದೆಯಲ್ಲಿ ಅಂಥ ಜಾಗ ಸಿಗುವುದು ಭತ್ತದ ಬೇರಿನ ಅಂಚಿನಲ್ಲೇ, ಯಾಕೆಂದರೆ ಭತ್ತ ತನ್ನ ದಂಟಿನೊಳಗಿಂದ ಬೇರಿಗೆ ಗಾಳಿ ಇಳಿಸುತ್ತದೆ.

ಬೇರೂ ಸುಮ್ಮನಿರುವುದಿಲ್ಲ. ಸಕ್ಕರೆ, ಅಮೈನೋ ಆಮ್ಲ, ಸಾವಯವ ಆಮ್ಲಗಳನ್ನು ಜಿನುಗಿಸುತ್ತದೆ. ಜೊತೆಗೆ ಫ್ಲೇವನಾಯ್ಡ್ ಎಂಬ ವಸ್ತುಗಳು. ಮೆಂತೆಜಾತಿಯ ಬೇರಿನ ರೈಜೋಬಿಯಂನಲ್ಲಿ ಗಂಟು ಕಟ್ಟುವ ಜೀನುಗಳನ್ನು ಎಬ್ಬಿಸುವುದು ಲೂಟಿಯೋಲಿನ್ ಎಂಬ ಫ್ಲೇವನಾಯ್ಡ್ ಎಂದು 1986ರಲ್ಲಿ ಸ್ಟ್ಯಾನ್‌ಫರ್ಡ್‌ನ ಶಾರನ್ ಲಾಂಗ್ ತಂಡ ತೋರಿಸಿತು. ಸೋಯಾಬೀನಿನಲ್ಲಿ ಆ ಕೆಲಸ ಜೆನಿಸ್ಟೀನ್, ಡೈಡ್ಜೀನ್‌ಗಳದ್ದು.

ಯಳ್ಳೂರು, ವಡಗಾವಿ, ಶಹಾಪುರದ ಸುತ್ತ ಬಾಸುಮತಿ ಭತ್ತ ಕೊಯ್ದ ಮೇಲೆ ಉಳಿದ ಹಸಿಯಲ್ಲೇ ಮಸೂರ, ಕಡಲೆ, ವಟಾಣಿ ಬಿತ್ತುವ ರೈತರಿಗೆ ಈ ಇತಿಹಾಸ ಹತ್ತಿರದ್ದು. ಹಿಂಗಾರಿನಲ್ಲಿ ಹಸಿ ಆರಿದಂತೆ ಮಣ್ಣಿನ ಸಂದುಗಳಲ್ಲಿ ನೀರಿನ ದಾರಿ ಕಡಿಯುತ್ತದೆ. ಎಷ್ಟೇ ಜಾಣ ಬ್ಯಾಕ್ಟೀರಿಯಾ ಆದರೂ ದೂರ ಈಜಲಾರದು. ಅದಕ್ಕೇ ಬೆಲ್ಲದ ಪಾಕದಲ್ಲಿ ರೈಜೋಬಿಯಂ ಕಲಸಿ ಬೀಜಕ್ಕೇ ಲೇಪಿಸುವುದು, ನೆರಳಲ್ಲಿ ಆರಿಸಿ ಅಂದೇ ಬಿತ್ತುವುದು. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ಜೀವಾಣು ಗೊಬ್ಬರ ಕೊನೆಗೆ.

ಇನ್ನೊಂದು ಮಾತು. ಹೊಲದಲ್ಲಿ ಹಳೆಯ ರೈಜೋಬಿಯಂಗಳು ಮೊದಲೇ ನೆಲೆಯೂರಿರುತ್ತವೆ. ಈಜಲಾರದ ತಳಿಗಳೂ ಗಂಟು ಕಟ್ಟಬಲ್ಲವು, ಆದರೆ ಈಜುವ ತಳಿಗಳ ಎದುರು ಹಿಂದೆ ಬೀಳುತ್ತವೆ ಎಂದು 1981ರಲ್ಲೇ ಗೊತ್ತಾಗಿದೆ. ಹೊಲದಲ್ಲಿ ಪೈಪೋಟಿ ಗೆದ್ದವರು ಯಾರು ಎಂದು ಹೊರಗಿನಿಂದ ಕಾಣದು; ಕೆಲಸ ನಡೆದಿದೆಯೋ ಇಲ್ಲವೋ ಎಂಬುದು ಮಾತ್ರ ಕಾಣುತ್ತದೆ. ಬೆಳೆ ಹೂಬಿಡುವ ಹೊತ್ತಿಗೆ ಒಂದು ಗಿಡವನ್ನು ಬೇರು ಹರಿಯದಂತೆ ಮಣ್ಣುಸಮೇತ ಎಬ್ಬಿಸಿ, ನೀರಲ್ಲಿ ತೊಳೆದು, ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ರಕ್ತದಂತೆ ಕೆಂಪಗಿದ್ದರೆ ಸಾರಜನಕ ಹಿಡಿಯುವ ಕೆಲಸ ನಡೆದಿದೆ. ಬೂದು ಬಣ್ಣವೋ ಹಸಿರೋ ಕಂಡರೆ ಆ ಗಂಟು ದುಡಿಯುತ್ತಿಲ್ಲ. ಮುಂದಿನ ಬಿತ್ತನೆಗೆ ಬೀಜೋಪಚಾರದ ಕಡೆ ಇನ್ನಷ್ಟು ಗಮನ ಕೊಡಿ.